ಎಲ್ಲಿದೀರಾ ಅಂದರೆ ಮೂರು ಪದ ಸಾಕಾ?

ಅಪ್ಪ ಹಾಸನದಿಂದ ಬಂದಿದ್ದಾಗ ಒಂದು ಶನಿವಾರ ಎಲ್ಲರೂ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗಿದ್ವಿ. ಅಲ್ಲಿ ಒಂದು ಊರಿದೆ. ಬರೆಯೋದು ಕೆಸ್ವಿಕ್, ಜನ ಅನ್ನೋದು ಕೆಸಿಕ್. ಅದರ ಪಕ್ಕ ಡರ್ವೆಂಟ್‌ವಾಟರ್ ಸರೋವರ, ಸರೋವರದ ಮೇಲೆ ಕ್ಯಾಟ್‌ಬೆಲ್ಸ್ ಬೆಟ್ಟ. ಎತ್ತರ 451 ಮೀಟರ್ ಅಷ್ಟೇ. ಮಕ್ಕಳು, ಅಜ್ಜ ಅಜ್ಜಿಯರು ಎಲ್ಲ ಹತ್ತುವ ಬೆಟ್ಟ. ಇಳಿಯುವಾಗ ಅಪ್ಪ, "ನಾನು ನಿಧಾನಕ್ಕೆ ಮುಂದೆ ಹೋಗ್ತಿರ್ತೀನಿ, ನೀವು ಬನ್ನಿ" ಅಂತ ಹೊರಟರು. ಮಗಳ ಶೂ ಲೇಸು ಕಟ್ಟಿ, ಕಿತ್ತಳೆ ಹಣ್ಣು ಸುಲಿದು ತಿಂದು ನಾವು ಏಳುವಷ್ಟರಲ್ಲಿ ಮಂಜು ಇಳಿದಿತ್ತು. ಹತ್ತು ಹೆಜ್ಜೆ ಮುಂದೆ ಏನಿದೆ ಅಂತ ಕಾಣಿಸ್ತಿರಲಿಲ್ಲ.

ಫೋನ್ ಮಾಡಿದೆ.

"ಅಪ್ಪಾ, ಎಲ್ಲಿದೀರಾ?"

"ಇಲ್ಲೇ ಇದೀನಮ್ಮ. ಒಂದು ದೊಡ್ಡ ಕಲ್ಲಿನ ಪಕ್ಕ."

ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಯಾವುದು ಕಲ್ಲಿನ ಪಕ್ಕ ಇಲ್ಲ ಹೇಳಿ! ಆಗ ನನ್ನ ಗಂಡ ಅಂದರು, "ಅಪ್ಪನ ಫೋನಲ್ಲಿ ವಾಟ್‌ತ್ರೀವರ್ಡ್ಸ್ ಹಾಕಿಕೊಟ್ಟಿದೀನಿ. ತೆಗೆದು ಮೂರು ಪದ ಓದೋಕೆ ಹೇಳು." ನಾನು ಹೇಳುವ ಮೊದಲೇ ಗಾಳಿ ಬೀಸಿ ಮಂಜು ಸರಿಯಿತು. ಅಪ್ಪ ನಮಗಿಂತ ಐವತ್ತು ಹೆಜ್ಜೆ ಕೆಳಗೆ, ನಿಜವಾಗಿಯೂ ಒಂದು ದೊಡ್ಡ ಕಲ್ಲಿನ ಪಕ್ಕ, ಟೋಪಿ ತೆಗೆದು ತಲೆ ಒರೆಸಿಕೊಳ್ತಾ ಕೂತಿದ್ದರು.

ಅಲ್ಲಿಗೆ ಕಥೆ ಮುಗೀತು. ಆದರೆ ಮನೆಗೆ ಬಂದ ಮೇಲೂ ಒಂದು ಪ್ರಶ್ನೆ ಹೋಗಲಿಲ್ಲ. ಮಂಜು ಸರಿಯದೆ ಇದ್ದಿದ್ದರೆ? ಅಪ್ಪ ಕಾಲು ಉಳುಕಿಸಿಕೊಂಡು, ಅವರೇ 999ಕ್ಕೆ ಫೋನ್ ಮಾಡಿ, ಆ ಮೂರು ಇಂಗ್ಲಿಷ್ ಪದಗಳನ್ನ ಹಾಸನದ ಉಚ್ಚಾರದಲ್ಲಿ ಓದಬೇಕಾಗಿದ್ದರೆ? ಆ ಕಡೆ ಕಂಬ್ರಿಯಾದ ಕಿವಿಗೆ ಏನು ಕೇಳಿಸುತ್ತಿತ್ತು? ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು. ಪುಸ್ತಕವನ್ನ, ಸಿನಿಮಾವನ್ನ ವಿಮರ್ಶೆ ಮಾಡುವ ಹಾಗೆ ಒಂದು ನಕ್ಷೆಯ ಆ್ಯಪ್ ಅನ್ನೂ ವಿಮರ್ಶೆ ಮಾಡಬಹುದು ಅಂತ ನನ್ನ ನಂಬಿಕೆ. ಅದರಲ್ಲೂ ಈ ಆ್ಯಪ್ ಪದಗಳಿಂದ ಕಟ್ಟಿದ್ದು. ಪದಗಳ ಬಗ್ಗೆ ಮಾತಾಡೋದು ನಮ್ಮ ಈ ಬ್ಲಾಗಿನ ಕೆಲಸವೇ ಅಲ್ವಾ?

ಮೊದಲು, ಅದು ಏನು ಮಾಡುತ್ತೆ

ಭೂಮಿಯ ಮೇಲ್ಮೈ ಸುಮಾರು 51 ಕೋಟಿ ಚದರ ಕಿಲೋಮೀಟರ್. ಅದನ್ನ 3 ಮೀಟರ್ ಉದ್ದ, 3 ಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿದರೆ ಸುಮಾರು 57 ಲಕ್ಷ ಕೋಟಿ ಚೌಕ ಆಗುತ್ತೆ. ವಾಟ್‌ತ್ರೀವರ್ಡ್ಸ್ ಪ್ರತಿ ಚೌಕಕ್ಕೂ ಮೂರು ಪದದ ಒಂದು ಹೆಸರು ಕೊಟ್ಟಿದೆ. ಇದಕ್ಕೆ ಇಂಗ್ಲಿಷ್‌ನ 40,000 ಪದಗಳು ಸಾಕು, ಯಾಕೆಂದರೆ 40,000ವನ್ನ ಮೂರು ಸಲ ಗುಣಿಸಿದರೆ 64 ಲಕ್ಷ ಕೋಟಿ ಜೋಡಣೆ ಸಿಗುತ್ತೆ. ಲೆಕ್ಕ ಚೆಂದ ಇದೆ. ಇದನ್ನ ಮೊದಲು ಕೇಳಿದಾಗ ನನಗೂ "ಅಬ್ಬಾ!" ಅನ್ನಿಸಿತ್ತು.

ಕಂಪನಿ ಶುರುವಾಗಿದ್ದು 2013ರಲ್ಲಿ, ಲಂಡನ್‌ನಲ್ಲಿ. ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಶೆಲ್ಡ್ರಿಕ್ ಅದಕ್ಕೆ ಮೊದಲು ಸಂಗೀತ ಕಾರ್ಯಕ್ರಮಗಳನ್ನ ಏರ್ಪಾಡು ಮಾಡುತ್ತಿದ್ದವರು. ವಾದ್ಯಗಳು, ವಾದ್ಯಗಾರರು ತಪ್ಪು ವಿಳಾಸಕ್ಕೆ ಹೋಗಿ ತಲುಪುವ ತಲೆನೋವಿನಿಂದ ಈ ಯೋಚನೆ ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಈ ಮೂಲವನ್ನ ನೆನಪಿಟ್ಟುಕೊಳ್ಳಿ, ಇದು ಮುಂದೆ ಬೇಕಾಗುತ್ತೆ.

ಬೆಟ್ಟಗಳಿಗೆ ಇದು ಬಂದದ್ದು ಪೊಲೀಸರ ಮೂಲಕ. 2019ರ ಹೊತ್ತಿಗೆ ಬ್ರಿಟನ್ನಿನ ಹಲವು ಪೊಲೀಸ್ ದಳಗಳು "ಈ ಆ್ಯಪ್ ಹಾಕಿಕೊಳ್ಳಿ" ಅಂತ ಜನರಿಗೆ ಹೇಳತೊಡಗಿದವು. ಆ ವರ್ಷ ಬಿಬಿಸಿಯಲ್ಲಿ ಬಂದ ಒಂದು ಸುದ್ದಿ ತುಂಬ ಓಡಾಡಿತು. ಡರ್ಹಮ್ ಕೌಂಟಿಯ ಹ್ಯಾಮ್‌ಸ್ಟರ್ಲಿ ಕಾಡಿನಲ್ಲಿ ಒಂದು ಗುಂಪು ರಾತ್ರಿ ಮಳೆಯಲ್ಲಿ ದಾರಿ ತಪ್ಪಿತ್ತು. 999ಕ್ಕೆ ಫೋನ್ ಮಾಡಿದರು. ಆ್ಯಪ್ ಇಳಿಸಿಕೊಳ್ಳಿ ಅಂದರು. ಬಂದ ಮೂರು ಪದ ಕಿಕ್ಡ್, ಕನ್ವರ್ಜ್ಡ್, ಸಾಕರ್. ಆ ಪದಗಳನ್ನ ಹಿಡಿದು ರಕ್ಷಣಾ ತಂಡ ಅವರನ್ನ ಹುಡುಕಿತು.

ಅದರಿಂದ ಮೊದಲೇ ಒಪ್ಪಿಕೊಂಡು ಬಿಡ್ತೀನಿ. ಈ ಆ್ಯಪ್ ಕೆಲಸ ಮಾಡಿದೆ, ಜನ ಮನೆ ಸೇರಿದ್ದಾರೆ. ನಕ್ಷೆ ಓದಲು ಗೊತ್ತಿಲ್ಲದ, ಅಕ್ಷಾಂಶ ರೇಖಾಂಶ ಅಂದರೆ ಶಾಲೆಯ ಭೂಗೋಳ ಪಾಠ ಮಾತ್ರ ನೆನಪಾಗುವ ನನ್ನಂಥವರಿಗೆ ಒಂದು ಉಪಾಯ ಬೇಕಿತ್ತು, ಅದನ್ನ ಅದು ಕೊಟ್ಟಿತು. ನನ್ನ ತಕರಾರು ಉಪಾಯ ಬೇಕಿತ್ತಾ ಅನ್ನೋದರ ಬಗ್ಗೆ ಅಲ್ಲ. ಆ ಉಪಾಯ ಒಳಗೆ ಹೇಗೆ ಕಟ್ಟಲ್ಪಟ್ಟಿದೆ ಅನ್ನೋದರ ಬಗ್ಗೆ.

ತಪ್ಪು ಆದಾಗ ಎಲ್ಲಿಗೆ ಬೀಳ್ತೀವಿ?

ಯಾವ ಪದ್ಧತಿಯನ್ನಾದರೂ ಅಳೆಯಲು ನಾನು ಒಂದೇ ಪ್ರಶ್ನೆ ಕೇಳ್ತೀನಿ: ತಪ್ಪಾದಾಗ ಎಷ್ಟು ದೂರ ಬೀಳ್ತೀವಿ?

ಬ್ರಿಟನ್ನಿನ ಹಳೆಯ ಪದ್ಧತಿ ಆರ್ಡ್‌ನೆನ್ಸ್ ಸರ್ವೆಯ ಗ್ರಿಡ್. ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್. ಅದರ ತುದಿಯ ಗ್ರಿಡ್ ಸಂಖ್ಯೆ ಎನ್‌ವೈ 215 072. ಎನ್‌ವೈ ಅನ್ನೋದು 100 ಕಿಲೋಮೀಟರ್ ಅಗಲದ ಒಂದು ದೊಡ್ಡ ಚೌಕ. ಆ ಚೌಕದ ಕೆಳಗಿನ ಎಡ ಮೂಲೆಯಿಂದ ಪೂರ್ವಕ್ಕೆ 21.5 ಕಿಲೋಮೀಟರ್, ಉತ್ತರಕ್ಕೆ 7.2 ಕಿಲೋಮೀಟರ್ ಹೋದರೆ ತುದಿ. ಈಗ ಕೊನೆಯ 2 ಅನ್ನೋದು ಗಾಳಿಯಲ್ಲಿ 3 ಅಂತ ಕೇಳಿಸಿತು ಅಂದುಕೊಳ್ಳಿ. ರಕ್ಷಣಾ ತಂಡ 100 ಮೀಟರ್ ಉತ್ತರಕ್ಕೆ ಬರುತ್ತೆ. ಕೂಗಿದರೆ ಕೇಳಿಸುವ ದೂರ.

ಮೊದಲ ಅಂಕಿ ತಪ್ಪಿದರೆ? ಆಗ ಹತ್ತಾರು ಕಿಲೋಮೀಟರ್ ದೂರ ಬೀಳ್ತೀವಿ, ಅಕ್ಷರ ತಪ್ಪಿದರೆ ಇನ್ನೂ ದೂರ. ಗ್ರಿಡ್ ದೇವರೇನಲ್ಲ. ಆದರೆ ಅದರಲ್ಲಿ ಒಂದು ಕ್ರಮ ಇದೆ. ಪಕ್ಕದ ಜಾಗಕ್ಕೆ ಪಕ್ಕದ ಸಂಖ್ಯೆ. ಎರಡು ಸಂಖ್ಯೆ ಕೊಟ್ಟರೆ, ನಕ್ಷೆ ನೋಡದೆಯೇ ಯಾವುದು ಉತ್ತರ, ಎಷ್ಟು ದೂರ ಅಂತ ಹೇಳಬಹುದು. ದಾರಿ ತಪ್ಪಿದವರು ಹತ್ತು ನಿಮಿಷ ಬಿಟ್ಟು ಮತ್ತೆ ಸಂಖ್ಯೆ ಕೊಟ್ಟರೆ, ಅವರು ನಡೀತಿದ್ದಾರೆ, ಅದೂ ಕಡಿದಾದ ಕಡೆಗೆ ನಡೀತಿದ್ದಾರೆ ಅಂತ ಗೊತ್ತಾಗುತ್ತೆ.

ಮೂರು ಪದಗಳಲ್ಲಿ ಈ ಕ್ರಮ ಇಲ್ಲ. ಬೇಕಂತಲೇ ಇಲ್ಲ. ಪಕ್ಕದ ಚೌಕದ ಹೆಸರಿಗೂ ನಿಮ್ಮ ಚೌಕದ ಹೆಸರಿಗೂ ಯಾವ ನಂಟೂ ಇರಲ್ಲ. ಒಂದು ಹೆಜ್ಜೆ ಸರಿದರೆ ಮೂರಕ್ಕೆ ಮೂರೂ ಪದ ಬದಲು. ಒಂದು ಅಕ್ಷರ ತಪ್ಪಿದರೆ ಬೇರೆ ಖಂಡ. ಇದಕ್ಕೆ ಕಂಪನಿಯ ವಾದವೂ ಇದೆ. ಒಂದೇ ಥರ ಕೇಳಿಸುವ ಹೆಸರುಗಳನ್ನ ದೂರ ದೂರ ಇಟ್ಟರೆ, ತಪ್ಪಾದದ್ದು ತಕ್ಷಣ ಗೊತ್ತಾಗುತ್ತೆ ಅಂತ. ಇದು ದಡ್ಡ ವಾದ ಅಲ್ಲ. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಕಳೆದುಹೋದವರು ವಿಯೆಟ್ನಾಂನಲ್ಲಿ ಕಾಣಿಸಿದರೆ ಯಾರಾದರೂ "ಇನ್ನೊಂದು ಸಲ ಹೇಳಿ" ಅಂತಾರೆ.

ಆದರೆ ತಪ್ಪಾಗಿದೆ ಅಂತ ಗೊತ್ತಾಗೋದು ಬೇರೆ, ಸರಿ ಯಾವುದು ಅಂತ ಗೊತ್ತಾಗೋದು ಬೇರೆ. ಇನ್ನೊಂದು ಸಲ ಹೇಳೋಕೆ ಫೋನ್‌ನಲ್ಲಿ ಚಾರ್ಜ್ ಇರಬೇಕು, ಸಿಗ್ನಲ್ ಇರಬೇಕು, ಹೇಳುವವರಿಗೆ ಎಚ್ಚರ ಇರಬೇಕು. 2021ರ ಜೂನ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮೌಂಟನ್ ರೆಸ್ಕ್ಯೂ ಸಂಸ್ಥೆ ಬಿಬಿಸಿಗೆ ಒಂದು ಪಟ್ಟಿ ಕೊಟ್ಟಿತು. ಅದಕ್ಕೆ ಹಿಂದಿನ 12 ತಿಂಗಳಲ್ಲಿ ತಮಗೆ ಬಂದ ಮೂರು ಪದದ ವಿಳಾಸಗಳಲ್ಲಿ ತಪ್ಪಾಗಿದ್ದ 45 ಜಾಗಗಳ ಪಟ್ಟಿ. ಅದರಲ್ಲಿ ವಿಯೆಟ್ನಾಂ, ಚೀನಾ, ಫಿಲಿಪ್ಪೀನ್ಸ್ ಇದ್ದವು. ಭಾರತವೂ ಇತ್ತು! ಉಚ್ಚಾರ, ಕಾಗುಣಿತ ಎರಡೂ ಕೈಕೊಟ್ಟಿದ್ದವು. ಯಾವ ಸಾಧನದಲ್ಲೂ ಮನುಷ್ಯರ ತಪ್ಪಿಗೆ ಅವಕಾಶ ಇದ್ದೇ ಇರುತ್ತೆ ಅನ್ನೋದು ಕಂಪನಿಯ ಉತ್ತರ. ನಿಜ. ಅದಕ್ಕೇ ನನ್ನ ಪ್ರಶ್ನೆ ತಪ್ಪು ಆಗುತ್ತಾ ಅಂತಲ್ಲ, ಆದಾಗ ಎಲ್ಲಿಗೆ ಬೀಳ್ತೀವಿ ಅಂತ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ದೂರ ಬಿದ್ದರೆ ತಪ್ಪು ಗೊತ್ತಾಗುತ್ತೆ, ಹತ್ತಿರ ಬಿದ್ದರೆ ಗೊತ್ತಾಗಲ್ಲ. ಒಂದೇ ಥರದ ಹೆಸರುಗಳು ಹತ್ತಿರ ಬರಲ್ಲ ಅನ್ನೋ ಮಾತನ್ನ ಭದ್ರತಾ ಸಂಶೋಧಕ ಆಂಡ್ರ್ಯೂ ಟಿಯರ್ನಿ 2021ರಲ್ಲಿ ಪರೀಕ್ಷೆ ಮಾಡಿ ನೋಡಿದರು. ಕೊನೆಗೆ ಒಂದು ಎಸ್ ಮಾತ್ರ ಹೆಚ್ಚು ಕಡಿಮೆ ಇರುವ ಜೋಡಿಗಳು, ರಕ್ಷಣೆಯವರು ನಂಬಿಬಿಡುವಷ್ಟು ಹತ್ತಿರದಲ್ಲೇ ಸಿಕ್ಕವು. ಗಾಳಿ ಬೀಸುವ ಬೆಟ್ಟದ ಮೇಲೆ, ಫೋನಿನಲ್ಲಿ, ಒಂದು ಎಸ್ ಎಷ್ಟು ಹೊತ್ತು ಬದುಕುತ್ತೆ ಹೇಳಿ.

ವೆಸ್ಟ್ ಮತ್ತು ವೆಸ್ಟ್

ಈಗ ನಮ್ಮ ವಿಷಯಕ್ಕೆ ಬರೋಣ. ಆ್ಯಪ್ ಇಲ್ಲದೆಯೇ ಒಂದು ಆಟ ಆಡಿ. ಅಡುಗೆ ಮನೆಯಲ್ಲಿ ಮಗಳ ಸ್ಪೆಲಿಂಗ್ ಪಟ್ಟಿ ಹಿಡಿದು ನಾನು ಓದಿದೆ, ಅವಳು ಬರೆದಳು. ನಾನು ಪಶ್ಚಿಮ ದಿಕ್ಕಿನ ವೆಸ್ಟ್ ಅಂದೆ, ಅವಳು ಒಳಗೆ ಹಾಕಿಕೊಳ್ಳುವ ವೆಸ್ಟ್ ಬರೆದಳು. ಇಲ್ಲಿ ಬರೆಯುವಾಗಲೂ ನೋಡಿ, ನಮ್ಮ ಲಿಪಿಯಲ್ಲಿ ಎರಡಕ್ಕೂ ಒಂದೇ ವ. ದ್ರಾಕ್ಷಿಯ ಬಳ್ಳಿ ವೈನ್, ದ್ರಾಕ್ಷಿಯ ಮದ್ಯವೂ ವೈನ್. "ಅಮ್ಮಾ, ನೀನು ಎರಡನ್ನೂ ಸೇಮ್ ಹೇಳ್ತೀಯಾ!" ಅಂತ ಅವಳು ನಕ್ಕಳು. ನಾನು ಇಪ್ಪತ್ತು ವರ್ಷದಿಂದ ಇಲ್ಲಿ ಇಂಗ್ಲಿಷ್‌ನಲ್ಲೇ ಕೆಲಸ ಮಾಡ್ತಿದೀನಿ. ವಾಕ್ಯದ ಒಳಗೆ ಇದು ಎಂದೂ ತೊಂದರೆ ಕೊಟ್ಟಿಲ್ಲ. "ಗಾಳಿ ವೆಸ್ಟ್‌ನಿಂದ ಬರ್ತಿದೆ" ಅಂದರೆ ಯಾರೂ ಬನಿಯನ್ ಅಂದುಕೊಳ್ಳಲ್ಲ. ಸಂದರ್ಭ ಕಾಪಾಡುತ್ತೆ.

ಮೂರು ಪದದ ವಿಳಾಸದಲ್ಲಿ ಕಾಪಾಡೋಕೆ ಸಂದರ್ಭವೇ ಇಲ್ಲ. ಕಿಕ್ಡ್, ಕನ್ವರ್ಜ್ಡ್, ಸಾಕರ್. ಒಂದಕ್ಕೊಂದು ಸಂಬಂಧ ಇಲ್ಲದಿರುವುದೇ ಅದರ ಗುಣ. ಮಾತು ಅಂದರೆ ಮಾತಿನ ನಡುವಿನ ನಂಟು ಅಂತ ನಾವು ತಿಳಿದಿದ್ದೀವಿ. ಇಲ್ಲಿ ನಂಟನ್ನ ಕಿತ್ತುಹಾಕಿ, ಪದಗಳನ್ನ ಬರೀ ಗುರುತಿನ ಚೀಟಿ ಮಾಡಿದ್ದಾರೆ. ಆಗ ಉಳಿಯೋದು ಉಚ್ಚಾರ ಒಂದೇ. ಉಚ್ಚಾರವನ್ನೇ ನಂಬಿದ ಪದ್ಧತಿಯಲ್ಲಿ, ಬೇರೆ ಉಚ್ಚಾರದ ಜನರಿಗೆ ಅಪಾಯ ಹೆಚ್ಚು. ಜಾಹೀರಾತಿನ "ಎಲ್ಲರಿಗೂ ಸುಲಭ" ಅನ್ನೋ ಮಾತಿನಲ್ಲಿ ಆ "ಎಲ್ಲರೂ" ಯಾರು ಅಂತ ಕೇಳಬೇಕಾಗುತ್ತೆ.

ಹಾಗಾದರೆ ಕನ್ನಡದಲ್ಲೇ ಹೇಳಬಹುದಲ್ಲ? ವಾಟ್‌ತ್ರೀವರ್ಡ್ಸ್ ಹತ್ತಾರು ಭಾಷೆಗಳಲ್ಲಿದೆ, ಅದರಲ್ಲಿ ಕನ್ನಡವೂ ಒಂದು. ಬೆಟ್ಟದ ಮೇಲಿನ ಒಂದು ಚೌಕಕ್ಕೆ ಕನ್ನಡ ಹೆಸರಿದೆ ಅನ್ನೋದು ಕೇಳೋಕೆ ಖುಷಿ ಕೊಡುತ್ತೆ. ಆದರೆ ಕನ್ನಡದ ಮೂರು ಪದ ಇಂಗ್ಲಿಷಿನ ಮೂರು ಪದದ ಅನುವಾದ ಅಲ್ಲ. ಅದೊಂದು ಬೇರೆಯೇ ಪಟ್ಟಿ, ಬೇರೆಯೇ ಹೆಸರು. ಕಂಬ್ರಿಯಾದ 999 ಆಪರೇಟರ್‌ಗೆ ಅದನ್ನ ಫೋನಿನಲ್ಲಿ ಹೇಳಿ ಏನು ಉಪಯೋಗ?

ಕನ್ನಡದವರು ಕನ್ನಡದವರಿಗೇ ಹೇಳಿದರೂ ನಮ್ಮ ಕಿವಿಗೆ ನಮ್ಮದೇ ಬಲೆಗಳಿವೆ. ಕಲೆ ಮತ್ತು ಕಳೆ. ಮನೆ ಮತ್ತು ಮಣೆ. ಬಳೆ ಮತ್ತು ಬಾಳೆ. ಹಾಡು ಮತ್ತು ಆಡು. ಈ ಪದಗಳು ಅವರ ಪಟ್ಟಿಯಲ್ಲಿವೆ ಅಂತ ನಾನು ಹೇಳ್ತಿಲ್ಲ. ನಮ್ಮ ಭಾಷೆಯಲ್ಲಿ ಒಂದು ನಾಲಿಗೆ ಮಡಿಕೆಗೆ, ಒಂದು ದೀರ್ಘಕ್ಕೆ ಅರ್ಥ ಪೂರ್ತಿ ಬದಲಾಗುತ್ತೆ ಅಂತ ಹೇಳ್ತಿದೀನಿ. ಹಾಸನದ ಹ ಇನ್ನೊಂದು ಊರಿನಲ್ಲಿ ಅ ಆಗುತ್ತೆ. ಇಲ್ಲಿ ಹುಟ್ಟಿದ ನನ್ನ ಮಗಳಿಗೆ ಲ ಮತ್ತು ಳ ಎರಡೂ ಒಂದೇ. ಈ ಬ್ಲಾಗ್ ಓದುವ ಎಷ್ಟೋ ಮಕ್ಕಳು ಇದೇ ಳ ಜೊತೆ ಕುಸ್ತಿ ಮಾಡ್ತಿದೀರಿ ಅಂತ ನನಗೆ ಗೊತ್ತು! ತಾತ ಫೋನಲ್ಲಿ ಕನ್ನಡ ಪದ ಹೇಳಿ, ಮೊಮ್ಮಗಳು ಅದನ್ನ ಟೈಪ್ ಮಾಡಿ ನಕ್ಷೆಯಲ್ಲಿ ಹುಡುಕೋದನ್ನ ಊಹಿಸಿಕೊಳ್ಳಿ. ಪ್ರೀತಿ ಎಷ್ಟಿದ್ದರೂ ಅಲ್ಲಿ ಕಾಗುಣಿತ ಬೇಕು.

ಕಿವಿಯಿಂದ ಆರಿಸಿದ ಪದಗಳು

ಇಷ್ಟು ಓದಿ "ಹಾಗಾದರೆ ಪದಗಳೇ ಬೇಡವಾ?" ಅಂತ ಕೇಳಬಹುದು. ಹಾಗಲ್ಲ. ಪದಗಳಿಂದ ಮಾಡಿದ, ತುಂಬ ಒಳ್ಳೆಯ ರಕ್ಷಣಾ ಸಾಧನ ಒಂದು ಮೊದಲೇ ಇದೆ: ಆಲ್ಫಾ, ಬ್ರಾವೋ, ಚಾರ್ಲಿ. ವಿಮಾನಯಾನಕ್ಕಾಗಿ ಬೇರೆ ಬೇರೆ ದೇಶಗಳ ಜನರ ಬಾಯಲ್ಲಿ, ಕಿವಿಯಲ್ಲಿ ಪರೀಕ್ಷೆ ಮಾಡಿ, ಗೊಂದಲ ಮಾಡುವ ಪದಗಳನ್ನ ತೆಗೆದು, 1956ರಲ್ಲಿ ಅದರ ಈಗಿನ ರೂಪ ಜಾರಿಗೆ ಬಂತು. ಅದರಲ್ಲಿರೋದು 26 ಪದ ಮಾತ್ರ. ಎನ್‌ವೈ ಅನ್ನೋದನ್ನ "ನವೆಂಬರ್, ಯಾಂಕೀ" ಅಂದರೆ, ಯಾವ ದೇಶದವರು ಹೇಳಿದರೂ ಅರ್ಧಂಬರ್ಧ ಕೇಳಿಸಿದರೂ ಸಾಕು. ಮಿಕ್ಕ ಅರ್ಧವನ್ನ ಕೇಳುವವರು ಊಹೆ ಮಾಡ್ತಾರೆ, ಯಾಕೆಂದರೆ ಅವರ ಮುಂದೆ 26 ಸಾಧ್ಯತೆ ಮಾತ್ರ ಇರುತ್ತೆ.

26ಕ್ಕೂ 40,000ಕ್ಕೂ ಇರುವ ವ್ಯತ್ಯಾಸವೇ ಈ ವಿಮರ್ಶೆಯ ತಿರುಳು. ಒಂದು ಪಟ್ಟಿಯನ್ನ ಕಿವಿಯಿಂದ ಹೊರಟು ಮಾಡಿದ್ದಾರೆ. ಇನ್ನೊಂದನ್ನ ಲೆಕ್ಕದಿಂದ ಹೊರಟು ಮಾಡಿದ್ದಾರೆ. 3 ಮೀಟರ್ ಚೌಕ ಬೇಕು, ಮೂರೇ ಪದ ಇರಬೇಕು ಅಂತ ಮೊದಲೇ ತೀರ್ಮಾನಿಸಿದರೆ 40,000 ಪದ ಬೇಕೇ ಬೇಕು. ಅಷ್ಟು ಪದಗಳಲ್ಲಿ ಒಂದರ ಹಾಗೆ ಇನ್ನೊಂದು ಕೇಳಿಸದಂತೆ ಆರಿಸೋದು ಯಾವ ಭಾಷೆಯಲ್ಲಿ ಸಾಧ್ಯ?

ಆ 3 ಮೀಟರ್ ಕೂಡ ಒಂಥರಾ ಸುಳ್ಳು ಧೈರ್ಯ. ಕಡಿದಾದ ಬಂಡೆಯ ಕೆಳಗೆ ಜಿಪಿಎಸ್ ಉಪಗ್ರಹಗಳು ಸರಿಯಾಗಿ ಕಾಣಲ್ಲ, ಫೋನ್ ತೋರಿಸುವ ಜಾಗವೇ ಹತ್ತಾರು ಮೀಟರ್ ಆಚೀಚೆ ಆಗಬಹುದು. ಒಳ್ಳೆಯ ನಕ್ಷೆ ಅದನ್ನ ಒಂದು ವೃತ್ತ ಹಾಕಿ ತೋರಿಸುತ್ತೆ, "ಇಷ್ಟರೊಳಗೆ ಎಲ್ಲೋ ಇದ್ದಾರೆ" ಅಂತ. ಮೂರು ಪದಕ್ಕೆ ಹಾಗೆ ಅನುಮಾನ ಪಡೋಕೆ ಬರಲ್ಲ. ಅದು ಯಾವಾಗಲೂ ಒಂದೇ ಗತ್ತಿನಲ್ಲಿ ಮಾತಾಡುತ್ತೆ.

ಇಲ್ಲೇ ಆ ಸಂಗೀತದ ಕಥೆ ನೆನಪಾಗೋದು. ಸಾಮಾನು ತಲುಪಿಸುವ ಕೆಲಸದಲ್ಲಿ ಜಾಗ ಮೊದಲೇ ಗೊತ್ತಿರುತ್ತೆ, ವಿಳಾಸವನ್ನ ಕೂತು ಟೈಪ್ ಮಾಡ್ತಾರೆ, ಮೇಲ್‌ನಲ್ಲಿ ಕಳಿಸ್ತಾರೆ, ಒಂದು ಸಲ ಸರಿ ನೋಡಿದರೆ ಮುಗೀತು. ಅಲ್ಲಿ ಮೂರು ಪದ ಸೊಗಸಾಗಿ ಕೆಲಸ ಮಾಡುತ್ತೆ. ಬೆಟ್ಟದಲ್ಲಿ ವಿಳಾಸವನ್ನ ಚಳಿಗೆ ಮರಗಟ್ಟಿದ ತುಟಿ ಹೇಳಬೇಕು. ಓದಿ ಟೈಪ್ ಮಾಡೋಕೆ ಕಟ್ಟಿದ ಸಾಧನವನ್ನ ಕೂಗಿ ಹೇಳೋಕೆ ಬಳಸ್ತಿದೀವಿ.

ಇನ್ನೊಂದು ಮಾತು. ಗ್ರಿಡ್ ಸಾರ್ವಜನಿಕವಾದದ್ದು, ಕಾಗದದ ನಕ್ಷೆ ಮತ್ತು ಸ್ಕೇಲು ಇದ್ದರೆ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಮೂರು ಪದದ ಪಟ್ಟಿ ಮತ್ತು ಅದರ ಹಿಂದಿನ ಲೆಕ್ಕ ಒಂದು ಕಂಪನಿಯ ಸ್ವತ್ತು. ತುರ್ತು ಸೇವೆಗಳಿಗೆ, ನಮಗೆ ನಿಮಗೆ ಉಚಿತ, ಸರಿ. ಆದರೆ ಜೀವ ಉಳಿಸುವ ವಿಳಾಸದ ಕೀಲಿಕೈ ಒಬ್ಬರ ಜೇಬಿನಲ್ಲಿ ಇರಬೇಕಾ ಅನ್ನೋದು ತಂತ್ರಜ್ಞಾನದ ಪ್ರಶ್ನೆ ಅಲ್ಲ, ನಾಗರಿಕರ ಪ್ರಶ್ನೆ.

ಹೇಳಬೇಕಾಗಿಯೇ ಇಲ್ಲದ ವಿಳಾಸ

ರಕ್ಷಣೆಯವರೇ ಕಟ್ಟಿಕೊಂಡ ಸಾಧನ ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ಅರ್ಥ ಆಗುತ್ತೆ. ವೇಲ್ಸ್‌ನ ಓಗ್ವೆನ್ ಕಣಿವೆಯ ರಕ್ಷಣಾ ತಂಡದ ಸ್ವಯಂಸೇವಕ ರಸ್ ಹೋರ್ ಮಾಡಿದ್ದು ಸಾರ್‌ಲಾಕ್. ದಾರಿ ತಪ್ಪಿದವರ ಫೋನಿಗೆ ತಂಡ ಒಂದು ಮೆಸೇಜ್ ಕಳಿಸುತ್ತೆ. ಅದರಲ್ಲಿ ಒಂದು ಲಿಂಕ್. ಒತ್ತಿ, "ಜಾಗ ತಿಳಿಸಲು ಒಪ್ಪಿಗೆ" ಅಂದರೆ ಮುಗೀತು. ನೀವಿರುವ ಜಾಗ, ಅದು ಎಷ್ಟು ನಿಖರ ಅನ್ನೋದರ ಜೊತೆಗೆ, ತಂಡದ ನಕ್ಷೆಯ ಮೇಲೆ ಬಂದು ಕೂರುತ್ತೆ. ಆ್ಯಪ್ ಬೇಡ, ಪದ ಬೇಡ, ಉಚ್ಚಾರ ಬೇಡ. 2014ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಅಡ್ವಾನ್ಸ್‌ಡ್ ಮೊಬೈಲ್ ಲೊಕೇಶನ್ ಇನ್ನೂ ಒಂದು ಹೆಜ್ಜೆ ಮುಂದೆ. 999 ಒತ್ತಿದ ಕೂಡಲೇ ಫೋನ್ ತಾನಾಗಿಯೇ ಜಾಗವನ್ನ ತುರ್ತು ಸೇವೆಗೆ ಕಳಿಸುತ್ತೆ. ಆಂಡ್ರಾಯ್ಡ್ ಫೋನುಗಳಿಗೆ ಇದು 2016ರಲ್ಲಿ, ಐಫೋನುಗಳಿಗೆ 2018ರಲ್ಲಿ ಬಂತು.

ಇವಕ್ಕೂ ಮಿತಿ ಇದೆ. ಲಿಂಕ್ ತೆರೆಯಲು ಇಂಟರ್ನೆಟ್ ಬೇಕು, ಸಿಗ್ನಲ್ಲೇ ಇಲ್ಲದ ಕಣಿವೆಯಲ್ಲಿ ಎರಡೂ ಮೌನ. ಆದರೂ ಯೋಚನೆ ಎಷ್ಟು ಸರಿ ಇದೆ ನೋಡಿ. ಫೋನಿಗೆ ಗೊತ್ತಿರುವ ಸಂಖ್ಯೆಯನ್ನ ಇನ್ನೊಂದು ಯಂತ್ರಕ್ಕೆ ತಲುಪಿಸೋಕೆ ನಡುವೆ ಹೆದರಿದ ಒಬ್ಬ ಮನುಷ್ಯನ ನಾಲಿಗೆ ಯಾಕೆ ಬೇಕು?

ಈಗ ನಮ್ಮನೆಯ ಏರ್ಪಾಡು ಹೀಗಿದೆ. ವಾಟ್‌ತ್ರೀವರ್ಡ್ಸ್ ತೆಗೆದುಹಾಕಿಲ್ಲ, ಅದು ಇರಲಿ, ಬೇರೇನೂ ಇಲ್ಲದಾಗ ಅದೂ ಆಸರೆ. ಆದರೆ ಅದು ಮೊದಲ ಆಯ್ಕೆ ಅಲ್ಲ. ಅಪ್ಪನ ಫೋನಿನಲ್ಲಿ ಓಎಸ್ ಲೊಕೇಟ್ ಇದೆ, ಸಿಗ್ನಲ್ ಇಲ್ಲದಿದ್ದರೂ ಅದು ಗ್ರಿಡ್ ಸಂಖ್ಯೆ ತೋರಿಸುತ್ತೆ. ಅಂಕಿಗಳನ್ನ ಒಂದೊಂದಾಗಿ ಓದಬೇಕು, "ಫಿಫ್ಟೀನ್" ಅನ್ನಬಾರದು, "ಒನ್, ಫೈವ್" ಅನ್ನಬೇಕು. 999ಕ್ಕೆ ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಬೇಕು. "ರಿಜಿಸ್ಟರ್" ಅಂತ 999ಕ್ಕೆ ಮೊದಲೇ ಮೆಸೇಜ್ ಮಾಡಿ ನೋಂದಾಯಿಸಿದರೆ, ಮಾತು ಕೇಳಿಸದಷ್ಟು ಸಿಗ್ನಲ್ ಕಮ್ಮಿ ಇದ್ದಾಗ ಬರೆದೂ ತಿಳಿಸಬಹುದು. ಲಿಂಕ್ ಬಂದರೆ ಒತ್ತಬೇಕು. ಈ ಕೊನೆಯದಕ್ಕೆ ಅಪ್ಪ, "ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತ ನೀನೇ ಹೇಳಿದ್ಯಲ್ಲಮ್ಮ" ಅಂದರು. ಅದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ.

ಕೊನೆಗೆ ಆ ಕಲ್ಲಿನ ವಿಷಯ. ರಕ್ಷಣೆಯವರು ಸಂಖ್ಯೆ ಸಿಕ್ಕ ಮೇಲೂ ಕೇಳ್ತಾರಂತೆ, ಸುತ್ತ ಏನು ಕಾಣ್ತಿದೆ, ನೀರಿನ ಸದ್ದು ಇದೆಯಾ, ಇಳಿಜಾರು ಯಾವ ಕಡೆ ಅಂತ. ಸಂಖ್ಯೆಯೂ ವರ್ಣನೆಯೂ ತಾಳೆ ಆದರೆ ಹೊರಡ್ತಾರೆ, ಆಗದಿದ್ದರೆ ಮತ್ತೆ ಕೇಳ್ತಾರೆ. ಅವತ್ತು ಮಂಜಿನಲ್ಲಿ ನಾನು "ಕಲ್ಲು ಎಲ್ಲ ಕಡೆ ಇದೆ ಅಪ್ಪಾ" ಅಂತ ರೇಗಿದಾಗ ಅಪ್ಪ ಇನ್ನೂ ಏನೋ ಹೇಳಿದ್ದರು. ಎಡಗಡೆ ತೊರೆ ಹರಿಯೋ ಸದ್ದು, ಕೆಳಗಡೆ ಒಂದು ಕಲ್ಲುಗೋಡೆ, ಗೋಡೆ ಕುಸಿದ ಕಡೆ ಕುರಿ ನುಗ್ಗಿದ ಜಾಡು. ನಾನು ಕೇಳಿಸಿಕೊಂಡಿರಲಿಲ್ಲ, ಆ್ಯಪ್ ಬಗ್ಗೆ ಯೋಚನೆ ಮಾಡ್ತಿದ್ದೆ.

ಈಗ ಪ್ರತಿ ಸಲ ಬೆಟ್ಟಕ್ಕೆ ಹೋದಾಗ ಮಗಳ ಜೊತೆ ಒಂದು ಆಟ. ಅವಳು ಕಣ್ಣು ಮುಚ್ಚಿಕೊಳ್ತಾಳೆ, ತಾತ ಫೋನಿನಲ್ಲಿ ಕೇಳ್ತಾರೆ: "ಎಲ್ಲಿದೀಯಾ ಪುಟ್ಟಿ?" ಅವಳು ಕಣ್ಣು ಬಿಟ್ಟು ಕನ್ನಡದಲ್ಲೇ ಹೇಳಬೇಕು. ದಿಣ್ಣೆ, ತಗ್ಗು, ಇಳಿಜಾರು, ತೊರೆ, ಬಂಡೆ. ಹೋದ ವಾರ "ತೊರೆಯ ಈಚೆ, ಕಲ್ಲುಗೋಡೆಯ ಮೇಲ್ಗಡೆ" ಅಂದಳು. ಆ ಮೇಲ್ಗಡೆಯಲ್ಲಿ ಲ ಸರಿಯಾಗಿತ್ತು. ಬಾಳೆಹಣ್ಣು ಕೇಳುವಾಗ ಮಾತ್ರ ಈಗಲೂ ಬಾಲೆಹಣ್ಣು.